ದಿನಕ್ಕೊಂದು ಫ್ರ್ಯಾಕ್ಟಲ್ ಚಿತ್ರ: ಅನುಭವವಿದ್ದವರು ತಿಳಿಸಬೇಕು

ಕುಮಟಾದಿಂದ ಪ್ರಶ್ನೆ: ಕೆಲಸ ಮುಗಿದ ಮೇಲೆ ದಿನಕ್ಕೊಂದು ಫ್ರ್ಯಾಕ್ಟಲ್ ಚಿತ್ರ (ಹಿಗ್ಗಿಸಿದಷ್ಟೂ ಅದೇ ಬಗೆಯ ವಿನ್ಯಾಸ ಮರುಕಳಿಸುವ, ಗಣಿತದ ಸೂತ್ರದಿಂದ ಕಂಪ್ಯೂಟರ್ ಬಿಡಿಸುವ ಚಿತ್ರ) ಮಾಡಿ ಹಂಚಿಕೊಳ್ಳಬೇಕೆಂದಿದ್ದೇನೆ. ನನ್ನಲ್ಲಿರುವುದು 4 ಜಿಬಿ ರ್‍ಯಾಮಿನ ಹಳೆಯ ಲ್ಯಾಪ್‌ಟಾಪ್. ಇಷ್ಟರಲ್ಲಿ ಸಾಗುತ್ತದೆಯೇ, ಖರ್ಚು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಶಿರಸಿಯಿಂದ: ನಾನು ಮ್ಯಾಂಡೆಲ್‌ಬಲ್ಬಿನ ಬೆನ್ನು ಹತ್ತಿದವನು. ಡೇನಿಯಲ್ ವೈಟ್ ಮತ್ತು ಪಾಲ್ ನೈಲ್ಯಾಂಡರ್ 2009ರಲ್ಲಿ ರೂಪಿಸಿದ ಆ ಮೂರು ಆಯಾಮದ ಆಕೃತಿಯ ಗುಹೆಗಳೊಳಗೆ ಒಮ್ಮೆ ಇಳಿದವರಿಗೆ ಚಪ್ಪಟೆ ಚಿತ್ರಗಳು ರುಚಿಸುವುದಿಲ್ಲ. ಮ್ಯಾಂಡೆಲ್‌ಬಲ್ಬರ್ ತಂತ್ರಾಂಶ ಉಚಿತವೇ ಆದರೂ ಅದನ್ನು ಓಡಿಸುವ ಯಂತ್ರ ಉಚಿತವಲ್ಲ. ಒಂದು ವರ್ಷದ ಚಾಲಿ ಅಡಿಕೆ ಮಾರಿದ ಹಣದಲ್ಲಿ ಗ್ರಾಫಿಕ್ಸ್ ಕಾರ್ಡ್ ಸಹಿತ ಡೆಸ್ಕ್‌ಟಾಪಿಗೆ 72,000 ರೂಪಾಯಿ ಕೊಟ್ಟೆ. ಕರೆಂಟ್ ಹೋದಾಗ ಆಸರೆಯಾಗುವ ಯುಪಿಎಸ್‌ಗೆ 6,800, ಅದರ ಬ್ಯಾಟರಿ ಸತ್ತಾಗ ಮತ್ತೆ 2,400. ಆಷಾಢದಲ್ಲಿ ಯಂತ್ರವನ್ನು ರಾತ್ರಿಯಿಡೀ ರೆಂಡರಿಗೆ, ಅಂದರೆ ಲೆಕ್ಕ ಹಾಕಿ ಚಿತ್ರ ಬಿಡಿಸಲು, ಹಚ್ಚಿ ಮಲಗಿದರೆ ಬೆಳಗಿನ ಜಾವ ಕರೆಂಟ್ ಹೋಗಿ, ಯುಪಿಎಸ್ ಒಂದಷ್ಟು ಹೊತ್ತು ಕಿರುಚಿ ಸುಮ್ಮನಾಗಿ, ಮುಗಿಯಲು ಬಂದ ಚಿತ್ರವೇ ಇಲ್ಲವಾಗಿರುತ್ತದೆ. ಅಡ್ಡಮಳೆಯ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು 9,200 ರೂಪಾಯಿ ಬೇರೆ ಹೋಯಿತು. ಇಷ್ಟಾದರೂ ನನಗೆ ಬೇಸರವಿಲ್ಲ.

ಕಾರವಾರದಿಂದ: ಶಿರಸಿಯವರು ಯಂತ್ರದ ಲೆಕ್ಕ ಒಪ್ಪಿಸಿದರೇ ಹೊರತು ಚಿತ್ರದ ಬಗ್ಗೆ ಹೇಳಲಿಲ್ಲ. ನನ್ನ ಹಣ ಹೋದದ್ದು ಮುದ್ರಣಕ್ಕೆ. ಎ3 ಹಾಳೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕೆಂದರೆ 4961 × 3508 ಪಿಕ್ಸೆಲ್ ಚಿತ್ರ ಬೇಕು, ಅದನ್ನು ಹೇಗೋ ಮಾಡಬಹುದು; ಆದರೆ ಪರದೆಯ ಮೇಲೆ ಹೊಳೆಯುವ ಆ ನೀಲಿ, ನಾಲ್ಕು ಶಾಯಿಗಳ ಮುದ್ರಣದಲ್ಲಿ ಒಗೆದು ಒಗೆದು ಬಣ್ಣ ಬಿಟ್ಟ ಲುಂಗಿಯಂತೆ ಬರುತ್ತದೆ. ಹಾಳೆಗೆ 180, ಚೌಕಟ್ಟಿಗೆ 650. ಕಟ್ಟಿಕೊಟ್ಟವರು ಕಾಗದವನ್ನು ಗಾಜಿಗೆ ಅಂಟಿಸಿಯೇ ಕೂರಿಸಿದ್ದರಿಂದ ಮೊದಲ ಮಳೆಗಾಲದಲ್ಲೇ ಸುರುಳಿಗಳ ನಡುವೆ ಬೂಸಲು ಹಿಡಿಯಿತು. ನಡುವೆ ದಪ್ಪ ರಟ್ಟಿನ ಮೌಂಟ್ ಹಾಕಿಸಿ ಗಾಜನ್ನು ದೂರ ಇಡಿಸುವುದಕ್ಕೆ ಮತ್ತೆ 220 ರೂಪಾಯಿ ತೆತ್ತಿದ್ದೇನೆ. 72,000 ಸುರಿಯುವ ಮೊದಲು ಗ್ರೇಡಿಯೆಂಟಿನಲ್ಲಿ (ಒಂದರಿಂದ ಇನ್ನೊಂದಕ್ಕೆ ಜಾರುವ ಬಣ್ಣಗಳ ಪಟ್ಟಿಯಲ್ಲಿ) ಬಣ್ಣ ಹೊಂದಿಸುವುದನ್ನು ಕಲಿತಿದ್ದರೆ ಶಿರಸಿಯವರ ಚಿತ್ರಗಳೆಲ್ಲ ಒಂದೇ ತಾಮ್ರದ ಬಣ್ಣದಲ್ಲಿ ಇರುತ್ತಿರಲಿಲ್ಲ.

ಶಿರಸಿಯಿಂದ: ತಾಮ್ರದ ಬಣ್ಣ ನಾನು ಬೇಕೆಂದೇ ಹಾಕಿದ್ದು. ಗಾಜಿನೊಳಗೆ ಬೂಸಲು ಬೆಳೆಸಿದವರಿಂದ ಬಣ್ಣದ ಪಾಠ ನನಗೆ ಬೇಕಾಗಿಲ್ಲ.

ಹೊನ್ನಾವರದಿಂದ: ಇಬ್ಬರೂ ಹಣದ ಮಾತೇ ಆಡುತ್ತಿದ್ದೀರಿ. ನಾನು ಅಪೊಫಿಸಿಸ್ ಎಂಬ ತಂತ್ರಾಂಶದಲ್ಲಿ ಬೆಂಕಿಯ ನಾಲಗೆಯಂತೆ ಹರಡುವ ಜ್ವಾಲೆಯ ಫ್ರ್ಯಾಕ್ಟಲ್ ಮಾಡುತ್ತೇನೆ, ನನ್ನ ಲ್ಯಾಪ್‌ಟಾಪ್ ಕೇಳಿದವರದಕ್ಕಿಂತ ಹಳೆಯದು. ಗುಣಮಟ್ಟದ ಅಂಕಿಯನ್ನು ಕಡಿಮೆ ಇಟ್ಟರೆ ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಚುಕ್ಕಿಗಳು ಉಳಿಯುತ್ತವೆ, ಏರಿಸಿದರೆ ಊಟ ಮುಗಿಸಿ ಬರುವವರೆಗೂ ಕಾಯಬೇಕು, ಅಷ್ಟೇ. ನನಗೆ ನಷ್ಟವಾದದ್ದು ಹಂಚಿಕೊಂಡದ್ದರಿಂದ. ಪ್ರತಿದಿನ ಚಿತ್ರದ ಜೊತೆಗೆ, ಅದನ್ನು ಮತ್ತೆ ಮಾಡಲು ಬೇಕಾದ ಅಂಕಿಗಳಿರುವ ಪ್ಯಾರಾಮೀಟರ್ ಫೈಲನ್ನೂ ಕೊಡುತ್ತಿದ್ದೆ. ಒಬ್ಬರು ಅದರಲ್ಲಿ ಬಣ್ಣವನ್ನಷ್ಟೇ ಬದಲಿಸಿ, ಚಿತ್ರವನ್ನು ತೊಂಬತ್ತು ಡಿಗ್ರಿ ತಿರುಗಿಸಿ, ತಮ್ಮ ಹೆಸರಿನಲ್ಲಿ ಹಾಕಿಕೊಂಡು ನನಗಿಂತ ಹೆಚ್ಚು ಮೆಚ್ಚುಗೆ ಪಡೆದರು. ಅಂದಿನಿಂದ ಫೈಲು ಕೊಡುವುದನ್ನು ನಿಲ್ಲಿಸಿದ್ದೇನೆ. ಚಿತ್ರವನ್ನೂ ಸಣ್ಣ ಗಾತ್ರದಲ್ಲಿ, ಮೂಲೆಯಲ್ಲಿ ಹೆಸರು ಹಾಕಿಯೇ ಕೊಡುತ್ತೇನೆ.

ಅಂಕೋಲಾದಿಂದ: ಕುಮಟಾದವರು ಎಕ್ಸಾಸ್ (XaoS) ಎಂಬ ಫ್ರ್ಯಾಕ್ಟಲ್ ತಂತ್ರಾಂಶ ಹಾಕಿಕೊಳ್ಳಲಿ, ಅದು ಎಂಥ ಹಳೆಯ ಯಂತ್ರದಲ್ಲೂ ಓಡುತ್ತದೆ. ನಾನು ಅದರಲ್ಲಿ ಮ್ಯಾಂಡೆಲ್‌ಬ್ರಾಟ್ ಗಣ ಎಂಬ ಹೆಸರಾಂತ ಫ್ರ್ಯಾಕ್ಟಲಿನ ಒಂದೇ ಕಣಿವೆಯನ್ನು ಹಿಗ್ಗಿಸುತ್ತ ಹೋದಾಗ, ಯಂತ್ರ ಲೆಕ್ಕದಲ್ಲಿ ಹಿಡಿದಿಡಬಲ್ಲ ದಶಾಂಶ ಅಂಕಿಗಳು ಮುಗಿದಲ್ಲಿ ಸುರುಳಿಗಳೆಲ್ಲ ಚೌಕಚೌಕವಾಗಿ ಒಡೆದವು. ಅದರಾಚೆಗೆ ಹೋಗಲು ಬೇರೆ ತಂತ್ರಾಂಶ ಹಿಡಿಯಬೇಕಾಯಿತು. ಇನ್ನು ಹೊನ್ನಾವರದವರ ದೂರು ನನಗೆ ಅರ್ಥವಾಗುವುದಿಲ್ಲ. ಸ್ಕಾಟ್ ಡ್ರೇವ್ಸ್ 1992ರಲ್ಲಿ ಜ್ವಾಲೆಯ ಫ್ರ್ಯಾಕ್ಟಲ್ ರಚಿಸುವ ಗಣಿತಕ್ರಮವನ್ನು ರೂಪಿಸಿ, ಅದರ ಕೋಡನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಪುಕ್ಕಟೆ ಪಡೆದುಕೊಂಡವರು ಕೊಡುವಾಗ ಕೈ ಬಿಗಿ ಹಿಡಿಯುವುದು ಯಾವ ನ್ಯಾಯ?

ಹೊನ್ನಾವರದಿಂದ: ಕ್ರಮ ಎಲ್ಲರದು, ಸರಿ. ಎಡಿಟರಿನಲ್ಲಿ ಚಿತ್ರದ ಆಕಾರ ನಿರ್ಧರಿಸುವ ಒಂದೊಂದೇ ತ್ರಿಕೋನವನ್ನು ಕೂದಲೆಳೆಯಷ್ಟು ಎಳೆದು, ತಿರುಗಿಸಿ, ಹಾಳಾದರೆ ಹಿಂದಕ್ಕೆ ತಂದು ಸಂಜೆಗಳನ್ನು ಕಳೆದವಳು ನಾನು. ಹೆಸರು ಹೇಳದೆ ಒಯ್ದವರ ಪರ ಮಾತಾಡುವ ಅಂಕೋಲಾದವರು ಮೊದಲು ತಮ್ಮ ಆ ಕಣಿವೆ ಎಲ್ಲಿದೆ ಎಂದು ತೋರಿಸುವ ಅಂಕಿಗಳನ್ನು ಇಲ್ಲಿ ಪೂರ್ತಿಯಾಗಿ ಬರೆಯಲಿ.