ಪಾಸ್‌ಪೋರ್ಟ್ ಒಂದಿದ್ದರೆ ಸಾಕು ಅಂತ ಯಾರು ಹೇಳಿದ್ದು?

ಕಳೆದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಹೆಸರು ತೆಗೆದು ನಂಟು ಮಾತ್ರ ಬಿಟ್ಟಿದ್ದೇನೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ತೆಗೆದಿದ್ದೇನೆ. ಅಕ್ಕ, ಭಾವ 2009ರಲ್ಲಿ ಲೆಸ್ಟರ್ ಬಿಟ್ಟು ಬೆಂಗಳೂರಿಗೆ ಬಂದವರು. ಈಗ ಮತ್ತೆ ಬ್ರಿಟನ್‌ಗೇ ಹೋಗಿ ನೆಲೆಸುವ ಯೋಚನೆಯಲ್ಲಿದ್ದಾರೆ. ಅಕ್ಕನದು ಬ್ರಿಟಿಷ್ ಪಾಸ್‌ಪೋರ್ಟ್, ಲೆಸ್ಟರ್‌ನಲ್ಲೇ ಹುಟ್ಟಿದ ಅವರ ಮಗಳು ಪುಟ್ಟಿಯದೂ ಅದೇ. ಭಾವನದು ಮಾತ್ರ ಇವತ್ತಿಗೂ ಭಾರತದ್ದು. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ.

ಮೈಸೂರು ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆದದ್ದು) ಬ್ರಿಟನ್‌ಗೆ ಮರಳುವವರಿಗೆ ಸಿಹಿಸುದ್ದಿ!! ಬ್ರಿಟಿಷ್ ಪಾಸ್‌ಪೋರ್ಟ್ ಒಂದಿದ್ದರೆ ಇಳಿದ ದಿನದಿಂದಲೇ ಕೌನ್ಸಿಲ್ ಮನೆ (ಸ್ಥಳೀಯ ಆಡಳಿತದ ಕಡಿಮೆ ಬಾಡಿಗೆಯ ಮನೆ), ಸರ್ಕಾರಿ ಭತ್ಯೆ, ಮಕ್ಕಳಿಗೆ ಸ್ಥಳೀಯರ ಕಾಲೇಜು ಫೀಸು. ಗಂಡ ಅಥವಾ ಹೆಂಡತಿಯ ಹಳೆಯ ಐಎಲ್‌ಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಜೀವನಪರ್ಯಂತ ಊರ್ಜಿತ. ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆ) ಮಾತ್ರ ಮೊದಲ 6 ತಿಂಗಳು ಇಲ್ಲ. ಎಲ್ಲರಿಗೂ ತಲುಪಿಸಿ 🙏

ಭಾವ: ನಾನು ಹೇಳಿದ್ದೂ ಇದನ್ನೇ. ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ಐಎಲ್‌ಆರ್ ಸ್ಟಿಕ್ಕರ್ ಇನ್ನೂ ಇದೆ. ನಿನ್ನೆ ತಾನೇ ಬೀರುವಿನಿಂದ ತೆಗೆದು ನೋಡಿದೆ.

ನಾನು: ಚಿಕ್ಕಪ್ಪ, ಇದರಲ್ಲಿ ಒಂದು ಸಾಲೂ ಸರಿ ಇಲ್ಲ. ಸಿಗಲ್ಲ ಅಂತ ಬರೆದಿರುವುದು ಸಿಗುತ್ತದೆ, ಸಿಗುತ್ತೆ ಅಂತ ಬರೆದಿರುವುದು ಸಿಗಲ್ಲ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಮೈಸೂರು ಚಿಕ್ಕಪ್ಪ: ಇದನ್ನು ಕಳಿಸಿದ್ದು ನನ್ನ ವಾಕಿಂಗ್ ಸ್ನೇಹಿತರು. ಇಬ್ಬರು ಮಕ್ಕಳು ಲಂಡನ್ನಿನಲ್ಲೇ ಇದ್ದಾರೆ. ಅವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ?

ನಾನು: ಭಾವ, ಒಂದೇ ಪ್ರಶ್ನೆ. 2014ರಲ್ಲಿ ಇಲ್ಲಿಗೆ ಮದುವೆಗೆ ಬಂದಿರಲ್ಲ, ಆಗ ಯಾವ ವೀಸಾ ಮೇಲೆ ಬಂದಿರಿ?

ಭಾವ: ವಿಸಿಟರ್ ವೀಸಾ. ಏಜೆಂಟ್ ಹಾಗೇ ಮಾಡಿಸಿದ.

ನಾನು: ಅಲ್ಲಿಗೆ ಉತ್ತರ ಸಿಕ್ಕಿತಲ್ಲ. 2 ವರ್ಷಕ್ಕಿಂತ ಜಾಸ್ತಿ ಒಂದೇ ಸಮ ಹೊರಗಿದ್ದರೆ ಐಎಲ್‌ಆರ್ ತಾನಾಗಿಯೇ ಬಿದ್ದುಹೋಗುತ್ತದೆ. ಯಾರೂ ಕಾಗದ ಬರೆದು ತಿಳಿಸುವುದಿಲ್ಲ, ಸ್ಟಿಕ್ಕರ್ ಸುಮ್ನೆ ಹಾಗೇ ಉಳಿದಿರುತ್ತದೆ. ರಿಟರ್ನಿಂಗ್ ರೆಸಿಡೆಂಟ್ ಅಂತ ಒಂದು ವೀಸಾ ಇದೆ ನಿಜ. ಆದರೆ ಬ್ರಿಟನ್ ಜೊತೆ ಗಟ್ಟಿ ಸಂಬಂಧ ಉಳಿಸಿಕೊಂಡಿದ್ದೀರಿ ಅಂತ ತೋರಿಸಬೇಕು. ಇಷ್ಟು ವರ್ಷ ಬೆಂಗಳೂರಿನಲ್ಲಿ ಮನೆ, ಕೆಲಸ ಎಲ್ಲ ಮಾಡಿಕೊಂಡು ಅದನ್ನು ಏನಂತ ತೋರಿಸುತ್ತೀರಿ?

ಭಾವ: ಅಲ್ಲಿ ಅಷ್ಟು ವರ್ಷ ಟ್ಯಾಕ್ಸ್ ಕಟ್ಟಿದ್ದೇನೆ. ಒಂದು ದಿನ ಭತ್ಯೆ ತಗೊಂಡಿಲ್ಲ. ಈಗ ಹೆಂಡತಿಯ ಹಿಂದೆ ಹೊಸದಾಗಿ ಅರ್ಜಿ ಹಿಡಿದುಕೊಂಡು ನಿಲ್ಲಬೇಕಾ?

ಅಕ್ಕ: ನನ್ನ ಹಿಂದೆ ನಿಂತರೆ ಏನಾಗುತ್ತೆ ಈಗ?

ಅಮ್ಮ: ಎಲ್ಲರದೂ ಊಟ ಆಯ್ತಾ

ನಾನು: ಭಾವನ ಸಿಟ್ಟು ನ್ಯಾಯವೇ. ಆದರೆ ವಿಷಯ ಸಿಟ್ಟಿಗಿಂತ ದೊಡ್ಡದು. ಸಂಗಾತಿ ವೀಸಾಕ್ಕೆ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಿದರೆ ಸಾಕಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್ ಆಗಿದೆ. ಅಕ್ಕ ಭಾವ ಒಟ್ಟಿಗೆ ಹೊರಡುವುದಾದರೆ ಅಕ್ಕನ ಬೆಂಗಳೂರಿನ ಸಂಬಳವೂ ಆ ಮಟ್ಟದಲ್ಲಿರಬೇಕು, ಜೊತೆಗೆ ವಾಪಸ್ ಹೋದ 3 ತಿಂಗಳೊಳಗೆ ಶುರುವಾಗುವ ಅಷ್ಟೇ ಸಂಬಳದ ಕೆಲಸದ ಪತ್ರವೂ ಕೈಯಲ್ಲಿರಬೇಕು. ಎರಡೂ ಬೇಕು. ಇಲ್ಲದಿದ್ದರೆ ಉಳಿತಾಯದ ದಾರಿ: 88,500 ಪೌಂಡ್, 6 ತಿಂಗಳು ನಿಮ್ಮ ಖಾತೆಯಲ್ಲೇ ಕೂತಿರಬೇಕು. ಇವತ್ತಿನ ಲೆಕ್ಕದಲ್ಲಿ 1 ಕೋಟಿ ರೂಪಾಯಿ ದಾಟುತ್ತದೆ. ಇದರ ಮೇಲೆ ಭಾವನಿಗೆ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್. ಮೊದಲ ವೀಸಾ 33 ತಿಂಗಳದ್ದು, ಆದರೆ 3 ವರ್ಷಕ್ಕೆ ಲೆಕ್ಕ ಹಾಕಿ 3,105 ಪೌಂಡ್ ಮೊದಲೇ ಕಿತ್ತುಕೊಳ್ಳುತ್ತಾರೆ.

ಮೈಸೂರು ಚಿಕ್ಕಪ್ಪ: ತನ್ನ ದೇಶದ ಪ್ರಜೆಯ ಗಂಡನಿಗೇ ಹೀಗೆ ಮಾಡುತ್ತಾರಾ? ನಂಬುವ ಹಾಗಿಲ್ಲ.

ದೊಡ್ಡಪ್ಪ: ನಂಬು. ಆ ಸರ್ಕಾರದ ಲೆಕ್ಕ ನನಗೆ ಗೊತ್ತು. ಅಲ್ಲಿ 30 ವರ್ಷ ಸರ್ಕಾರಿ ವಿಮೆ ಕಟ್ಟಿ 2013ರ ಜೂನ್‌ನಲ್ಲಿ ಪಿಂಚಣಿ ತಗೊಂಡು ಮೈಸೂರಿಗೆ ಬಂದೆ. ಆವತ್ತು ವಾರಕ್ಕೆ 110 ಪೌಂಡ್ 15 ಪೆನ್ಸ್. ಇವತ್ತೂ ಅದೇ 110 ಪೌಂಡ್ 15 ಪೆನ್ಸ್. ನನ್ನ ಜೊತೆ ಕೆಲಸ ಮಾಡಿ ಲೆಸ್ಟರ್‌ನಲ್ಲೇ ಉಳಿದವನಿಗೆ 2025-26ರಲ್ಲಿ 176.45. ಅವನು ಅಮೆರಿಕಕ್ಕೆ ಹೋಗಿ ಕೂತಿದ್ದರೂ ಏರುತ್ತಿತ್ತು. ಭಾರತ, ಕೆನಡಾ, ಆಸ್ಟ್ರೇಲಿಯಾ ಆದರೆ ಇಲ್ಲ. ಇದರ ಮೇಲೆ ಕೇಸು ಹಾಕಿದವರು 2010ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕು ಕೋರ್ಟಿನಲ್ಲೂ ಸೋತರು.

ಭಾವ: ಹಾಗಾದರೆ ನೀವೂ ವಾಪಸ್ ಹೋಗಿ ದೊಡ್ಡಪ್ಪ. ಹೋದ ತಕ್ಷಣ ಪೂರ್ತಿ ದರ ಸಿಗುತ್ತಲ್ವಾ?

ದೊಡ್ಡಪ್ಪ: ಸಿಗುತ್ತದೆ. ಮಗನ ಮನೆಗೆ ಹೋದಾಗ ಅಲ್ಲಿದ್ದಷ್ಟು ವಾರಕ್ಕೂ ಹೊಸ ದರ ಕೊಡುತ್ತಾರೆ, ಕೇಳಿ ಪಡೆಯಬೇಕು ಅಷ್ಟೇ. ಆದರೆ ವಾರಕ್ಕೆ 66 ಪೌಂಡ್ ಜಾಸ್ತಿ ಸಿಗುತ್ತದೆ ಅಂತ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಹೀಟರ್ ಹಾಕಲೋ ಬೇಡವೋ ಅಂತ ಯೋಚಿಸುತ್ತಾ ಕೂರಲು ನನಗಾಗದು. ಇಲ್ಲಿ ಕುವೆಂಪುನಗರದಲ್ಲಿ ಕಾಫಿಗೆ ಜನ ಇದ್ದಾರೆ.

ಪುಟ್ಟಿ: ನನ್ನನ್ನು ಯಾರಾದರೂ ಕೇಳಿದಿರಾ? ಇದೆಲ್ಲ ನನ್ನ ಕಾಲೇಜಿಗೋಸ್ಕರ ಅಂತ ಅಪ್ಪ ಎಲ್ಲರ ಹತ್ತಿರ ಹೇಳ್ತಿದ್ದಾರೆ.

ಮೈಸೂರು ಚಿಕ್ಕಪ್ಪ: ನಿನಗೇನಮ್ಮ ಚಿಂತೆ, ಅಲ್ಲೇ ಹುಟ್ಟಿದವಳು. ನಿನಗೆ ಸ್ಥಳೀಯರ ಫೀಸೇ.

ನಾನು: ಅದೂ ಇಲ್ಲ ಚಿಕ್ಕಪ್ಪ. ಹುಟ್ಟಿದ್ದು ಎಲ್ಲಿ ಅಂತ ಯೂನಿವರ್ಸಿಟಿ ಕೇಳುವುದಿಲ್ಲ. ಕೋರ್ಸ್ ಶುರುವಾಗುವ ಮುಂಚಿನ 3 ವರ್ಷ ಎಲ್ಲಿದ್ದೆ ಅಂತ ಕೇಳುತ್ತದೆ. ಇಂಗ್ಲೆಂಡಿನಲ್ಲಿ ಸ್ಥಳೀಯರ ಫೀಸಿಗೆ ಮಿತಿ ಇದೆ, 2025-26ಕ್ಕೆ 9,535 ಪೌಂಡ್. ಹೊರಗಿನವರ ಫೀಸಿಗೆ ಮಿತಿಯೇ ಇಲ್ಲ, ಒಳ್ಳೆಯ ಕಡೆ ಎಂಜಿನಿಯರಿಂಗ್ ಅಂದರೆ ಅದರ ಮೂರು ನಾಲ್ಕು ಪಟ್ಟು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಪುಟ್ಟಿ ಹೊರಗಿನವಳೇ. ಅಪ್ಪ ಅಮ್ಮ ಕೆಲಸದ ಮೇಲೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಹೋಗಿದ್ದರೆ ವಿನಾಯಿತಿ ಇದೆ.

ಭಾವ: ಹಾಂ! ನಮ್ಮದು ತಾತ್ಕಾಲಿಕವೇ ಅಲ್ವಾ.

ಅಕ್ಕ: ತಾತ್ಕಾಲಿಕ ಅಂತೆ. ಬಾಲ್ಕನಿಗೆ ಗ್ರಿಲ್ ಹಾಕಿಸಿದಿರಿ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆದಿರಿ.

ನಾನು: ಎನ್‌ಎಚ್‌ಎಸ್ ಮಾತ್ರ ಉಲ್ಟಾ. ಅಲ್ಲಿ 6 ತಿಂಗಳ ಕಾಯುವಿಕೆ ಅನ್ನುವುದೇ ಇಲ್ಲ. ಅಕ್ಕ ನೆಲೆಸಲೆಂದು ಬಂದಿಳಿದರೆ ಮೊದಲ ದಿನದಿಂದ ಪುಕ್ಕಟೆ. ಅದೇ ಅಕ್ಕ ರಜೆಗೆ ಬಂದು ಕಾಲು ಮುರಿದುಕೊಂಡು ವಾರ್ಡಿಗೆ ಸೇರಿದರೆ ಬ್ರಿಟಿಷ್ ಪ್ರಜೆಯಾದರೂ ಬಿಲ್ ಬರಬಹುದು. ಅದೇ ಪಾಸ್‌ಪೋರ್ಟ್, ಅದೇ ಕಾಲು. ನಾನು ಆಗಿನಿಂದ ಹೇಳುತ್ತಿರುವುದು ಇಷ್ಟೇ, ಪಾಸ್‌ಪೋರ್ಟ್ ನಿಮ್ಮನ್ನು ವಿಮಾನ ನಿಲ್ದಾಣದ ಗೇಟು ದಾಟಿಸುತ್ತದೆ, ಯಾರೂ ತಡೆಯುವ ಹಾಗಿಲ್ಲ, ಅದು ದೊಡ್ಡದೇ. ಆದರೆ ಅಲ್ಲಿಂದಾಚೆಗೆ ಎಲ್ಲರೂ ನೋಡುವುದು ನೀವು ಎಲ್ಲಿ ವಾಸ ಮಾಡುತ್ತಿದ್ದೀರಿ ಅನ್ನುವುದನ್ನೇ. ಭತ್ಯೆಗೂ ಅಷ್ಟೇ, ಇಲ್ಲಿ ನೆಲೆ ನಿಂತಿದ್ದೀರಾ ಅಂತ ಪರೀಕ್ಷೆ ಮಾಡುತ್ತಾರೆ, ಬ್ರಿಟಿಷ್ ಪ್ರಜೆಗಳನ್ನೂ ಬಿಡುವುದಿಲ್ಲ. ಕೌನ್ಸಿಲ್ ಮನೆಯ ಮಾತು ಬಿಟ್ಟುಬಿಡಿ, ಇಲ್ಲೇ ಹುಟ್ಟಿ ಬೆಳೆದವರೇ ವರ್ಷಗಟ್ಟಲೆ ಪಟ್ಟಿಯಲ್ಲಿದ್ದಾರೆ.

ಪುಟ್ಟಿ: ಮತ್ತೆ ನಾನು ಸಿಇಟಿ ಬರೀತೀನಿ ಅಂದಾಗ ಒಸಿಐ ಕಾರ್ಡ್ (ವಿದೇಶಿ ಪಾಸ್‌ಪೋರ್ಟ್ ಇರುವ ಭಾರತ ಮೂಲದವರ ಕಾರ್ಡ್) ಇದ್ದವರಿಗೆ ಇಲ್ಲಿ ಎನ್‌ಆರ್‌ಐ ಸೀಟು ಮಾತ್ರ ಅಂತ ಹೆದರಿಸಿದ್ದೂ ಚಿಕ್ಕತಾತನೇ. ಹಾಗೆ ಹೇಳುವ ಕೇಂದ್ರದ ಅಧಿಸೂಚನೆ 2021ರ ಮಾರ್ಚ್ 4ರದ್ದು. ಅದಕ್ಕೆ ಮುಂಚೆ ಕಾರ್ಡ್ ತಗೊಂಡವರಿಗೆ ಅದು ಅನ್ವಯಿಸಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಕಾರ್ಡು 2009ರದ್ದು. ನಾನು ಇಲ್ಲೇ ಓದ್ತೀನಿ.

ಮೈಸೂರು ಚಿಕ್ಕಪ್ಪ: ಈ ಮನೆಯಲ್ಲಿ ಹಿರಿಯರಿಗೆ ಒಂದು ಮಾತೂ ಆಡುವ ಹಾಗಿಲ್ಲ.

(ಇಲ್ಲಿ ಚಿಕ್ಕಪ್ಪ ಎರಡು ಮೆಸೇಜ್ ಹಾಕಿ ಅಳಿಸಿದರು. ಏನಂತ ಯಾರಿಗೂ ಗೊತ್ತಾಗಲಿಲ್ಲ, ಅಮ್ಮನಿಗೆ ಮಾತ್ರ ಗೊತ್ತಾಯಿತು ಅಂತ ಕಾಣುತ್ತದೆ, ಅವರು ಹತ್ತು ನಿಮಿಷ ಆನ್‌ಲೈನ್ ಇದ್ದು ಏನೂ ಬರೆಯಲಿಲ್ಲ.)

ಭಾವ: ಸರಿ. 88,500 ತಾನೇ? ವಿಜಯನಗರದ ಸೈಟು ಮಾರಿದರೆ ಆಯ್ತು.

ಮೈಸೂರು ಚಿಕ್ಕಪ್ಪ: ಯಾವ ಸೈಟು? ಅದು ಜಂಟಿ ಸೈಟು.

ಅಕ್ಕ: ಜಂಟಿ ಅಂದರೆ ಅರ್ಧ ನನ್ನದು ಚಿಕ್ಕಪ್ಪ. ಅಜ್ಜ ಬರೆದಿಟ್ಟಿದ್ದಾರೆ.

ಮೈಸೂರು ಚಿಕ್ಕಪ್ಪ: ಈಗ ಮಾರುವ ಕಾಲ ಅಲ್ಲ. ರಿಂಗ್ ರೋಡ್ ಕಡೆ ರೇಟು ಇನ್ನೂ ಏರುತ್ತದೆ. ಅದಕ್ಕೇ ನಾನು ಪಾಸ್‌ಪೋರ್ಟ್ ಒಂದಿದ್ದರೆ ಸಾಕು ಅಂದದ್ದು.

ಪುಟ್ಟಿ: 😂😂

ನಾನು: ಓ, ಫಾರ್ವರ್ಡ್‌ನ ಹಿಂದೆ ಇದಿತ್ತಾ. ಸೈಟು ಮಾರಿದ ದುಡ್ಡು ಉಳಿತಾಯದ ಲೆಕ್ಕಕ್ಕೆ ಬರುತ್ತದೆ. ಸೈಟು ನಿಮ್ಮದೇ ಆಗಿತ್ತು ಅಂತ ದಾಖಲೆ ಇದ್ದರೆ 6 ತಿಂಗಳು ಕಾಯಬೇಕಾಗಿಯೂ ಇಲ್ಲ. ಆದರೆ ಅಕ್ಕನ ಪಾಲಷ್ಟೇ ಎಣಿಕೆ. ಅರ್ಧ ಸೈಟಿಗೆ 1 ಕೋಟಿ ಬರುತ್ತದಾ?

ಭಾವ: ಬರಲ್ಲ.

ನಾನು: ಹಾಗಾದರೆ ಮಾರಬೇಡಿ. ಇನ್ನೊಂದು ದಾರಿ ಇದೆ, ಯಾರಿಗೂ ಇಷ್ಟ ಆಗುವುದಿಲ್ಲ. ಅಕ್ಕ ಒಬ್ಬಳೇ ಮೊದಲು ಬರಲಿ. ಅವಳಿಗೆ ವೀಸಾ ಬೇಡ, ಬಂದ ಮಾರನೆಯ ದಿನ ಕೆಲಸಕ್ಕೆ ಸೇರಬಹುದು. 29,000ಕ್ಕೆ ಮೇಲಿನ ಕೆಲಸ ಅವಳ ಅನುಭವಕ್ಕೆ ಕಷ್ಟವಲ್ಲ. ಒಂದೇ ಕಡೆ 6 ತಿಂಗಳ ಸಂಬಳದ ಚೀಟಿ ಆದ ಮೇಲೆ ಭಾವನ ಅರ್ಜಿ ಹಾಕಿದರೆ ಬೆಂಗಳೂರಿನ ಸಂಬಳವೂ ಬೇಡ, ಸೈಟೂ ಬೇಡ. ಬಾಡಿಗೆ ಮನೆ ಸಿಗುವ ತನಕ ನಮ್ಮ ಮನೆಯ ಮೇಲಿನ ಕೋಣೆ ಇದೆ.

ಮೈಸೂರು ಚಿಕ್ಕಪ್ಪ: ಇದು ಬಹಳ ಒಳ್ಳೆಯ ಯೋಚನೆ. ಮೊದಲೇ ಹೇಳಬಾರದಿತ್ತಾ.

ಭಾವ: ಅಂದರೆ ವೀಸಾ ಬರುವ ತನಕ ಸೇರಿಸಿ ಹೆಚ್ಚು ಕಡಿಮೆ ಒಂದು ವರ್ಷ ನಾನು ಇಲ್ಲಿ ಒಬ್ಬನೇ?

ಪುಟ್ಟಿ: ಒಬ್ಬರೇ ಅಲ್ಲ, ನಾನಿದ್ದೀನಿ. ಮುಂದೆ ಹಾಸ್ಟೆಲ್‌ಗೆ ಸೇರ್ತೀನಿ.

ಅಕ್ಕ: ಡಬ್ಬಿ ಕಟ್ಟೋದು ಕಲಿಯಿರಿ. ನಾನು ಇವತ್ತೇ ರೆಸ್ಯೂಮೆ ಸರಿ ಮಾಡ್ತೀನಿ. ತಮ್ಮಾ, ನನ್ನ ಹಳೆಯ ಲೆಸ್ಟರ್ ವಿಳಾಸದ ಡ್ರೈವಿಂಗ್ ಲೈಸೆನ್ಸ್ 2016ಕ್ಕೇ ಮುಗಿದಿದೆ, ಬಂದ ಮೇಲೆ ನಿನ್ನ ವಿಳಾಸಕ್ಕೆ ನವೀಕರಣ ಮಾಡಿಸಬಹುದಾ?

ನಾನು: ಮಾಡಿಸಬಹುದು, ಮತ್ತೆ ಟೆಸ್ಟ್ ಬೇಡ. ಆದರೆ ನನ್ನ ಕಾರು ಮುಟ್ಟುವ ಮೊದಲು ಇಲ್ಲಿನ ರೌಂಡ್‌ಅಬೌಟ್ ನೆನಪು ಮಾಡಿಕೋ. ಸಿಲ್ಕ್ ಬೋರ್ಡ್ ಥರ ನುಗ್ಗಿದರೆ ವಿಮೆಯವರು ನನ್ನನ್ನು ಹಿಡಿಯುತ್ತಾರೆ.

ಅಮ್ಮ: ಅವಳು ಬರುವಾಗ ನಿನಗೆ ತುಪ್ಪ ಕಳಿಸುತ್ತೇನೆ

ನಾನು: ಬೇಡಮ್ಮ, ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಚಟ್ನಿಪುಡಿ ಕಳಿಸು.