ಹೊಸ ವಾಷಿಂಗ್ ಮೆಷಿನ್ ಜೊತೆ ಪುಸ್ತಕವೇ ಇಲ್ಲ, ಬರೀ ಕ್ಯೂಆರ್ ಕೋಡ್. ಅಮ್ಮನಿಗೆ ಹೇಗೆ ಹೇಳಿಕೊಡಲಿ?

ಪ್ರಶ್ನೆ

ನಮಸ್ಕಾರ ಅಣ್ಣ. ನಾನು ಬೆಂಗಳೂರಿನಲ್ಲಿದ್ದೇನೆ, ಅಮ್ಮ ತೀರ್ಥಹಳ್ಳಿ ಕಡೆಯ ಊರಿನಲ್ಲಿ ಒಬ್ಬರೇ ಇದ್ದಾರೆ. ದೀಪಾವಳಿಗೆ ಅವರಿಗೆ ಅಂತ ಒಂದು ಫ್ರಂಟ್ ಲೋಡ್ ಮೆಷಿನ್ ಆನ್‌ಲೈನ್‌ನಲ್ಲಿ ಕೊಂಡು ಕಳಿಸಿದೆ. ಜೊತೆಗೆ ಪುಸ್ತಕ ಬಂದಿಲ್ಲ. ಒಂದು ಕಾರ್ಡು, ಕಾರ್ಡಿನ ಮೇಲೆ ಕ್ಯೂಆರ್ ಕೋಡ್, ಅಷ್ಟೇ. ಸ್ಕ್ಯಾನ್ ಮಾಡಿದರೆ ಕಂಪನಿ ವೆಬ್‌ಸೈಟಿನ ಮೊದಲ ಪುಟಕ್ಕೆ ಹೋಗುತ್ತದೆ, ಅಲ್ಲಿ ಆ್ಯಪ್ ಹಾಕಿಕೊಳ್ಳಿ ಅನ್ನುತ್ತದೆ, ಆ್ಯಪ್ ತೆರೆದರೆ ಮೊಬೈಲ್ ನಂಬರ್, ಓಟಿಪಿ, ಲೊಕೇಶನ್ ಎಲ್ಲ ಕೇಳುತ್ತದೆ. ಅಮ್ಮನ ಮನೆಯಲ್ಲಿ ಸಿಗ್ನಲ್ ಬೇಕು ಅಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು.

ನಿನ್ನೆ ಮೆಷಿನ್ ಅರ್ಧಕ್ಕೆ ನಿಂತಿದೆ. ಏನೋ ಎರಡು ಅಕ್ಷರ ತೋರಿಸುತ್ತಿದೆಯಂತೆ. ಬಾಗಿಲು ತೆರೆಯುತ್ತಿಲ್ಲ, ಒಳಗೆ ನೀರು, ನೀರಿನಲ್ಲಿ ಎರಡು ಕಾಟನ್ ಸೀರೆ. ಹಳೆಯ ಮೆಷಿನ್ನಿನ ಪುಸ್ತಕವನ್ನು ಬಿಲ್ ಸಮೇತ ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿ ಇಟ್ಟುಕೊಂಡಿರುವ ಅಮ್ಮ, "ಈ ಸಲ ಪುಸ್ತಕ ಯಾಕೆ ಕೊಡಲಿಲ್ಲ, ದುಡ್ಡು ಕಡಿಮೆ ಕೊಟ್ಯಾ?" ಅಂತ ಕೇಳುತ್ತಿದ್ದಾರೆ. ಪುಸ್ತಕ ಕೊಡಲೇಬೇಕು ಅಂತ ಕಾನೂನು ಇಲ್ವಾ? ನಿಮ್ಮ ಪ್ರಕಾರ ಕಾಗದದ್ದು ಒಳ್ಳೆಯದಾ, ಮೊಬೈಲಿನಲ್ಲಿರುವುದು ಸಾಕಾ?

ಉತ್ತರ (ಶಿವಮೊಗ್ಗ, ಮನೆ ಸಾಮಾನುಗಳ ಸರ್ವೀಸ್ ಮೆಕ್ಯಾನಿಕ್)

ಮೇಡಂ, ಮೊದಲು ಸೀರೆ ಹೊರಗೆ ತೆಗೆಯೋಣ. ಕಾನೂನು ಆಮೇಲೆ.

ನೀರು ಹೊರಗೆ ಹೋಗದೆ ನಿಂತಿದೆ ಅಂದರೆ ಹತ್ತರಲ್ಲಿ ಎಂಟು ಸಲ ಫಿಲ್ಟರ್ ಕಟ್ಟಿರುತ್ತದೆ. ಪ್ಲಗ್ ತೆಗೆಯಲು ಹೇಳಿ. ಬಿಸಿ ನೀರಿನ ಪ್ರೋಗ್ರಾಂ ಹಾಕಿದ್ದರೆ ನೀರು ಆರುವ ತನಕ ಕಾಯಬೇಕು. ಮೆಷಿನ್ನಿನ ಮುಂದೆ, ಕೆಳಗಡೆ, ಸಾಮಾನ್ಯವಾಗಿ ಬಲ ಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಒಂದು ದಪ್ಪ ತಿರುಪು, ಪಕ್ಕದಲ್ಲಿ ಕಿರುಬೆರಳಿನಷ್ಟು ಸಣ್ಣ ಪೈಪು. ಪೈಪಿನ ಬಿರಡೆ ಕಿತ್ತು, ಕೆಳಗೆ ಒಂದು ಅಗಲದ ತಟ್ಟೆ ಇಟ್ಟು ನೀರು ಬಿಡಬೇಕು. ತಟ್ಟೆ ತುಂಬಿದಾಗ ಬಿರಡೆ ಹಾಕಿ, ಚೆಲ್ಲಿ ಬಂದು ಮತ್ತೆ. ಹತ್ತು ಹದಿನೈದು ತಟ್ಟೆ ಆಗಬಹುದು, ಹೆದರಬೇಡಿ. ಕೆಲವು ಮಾಡೆಲ್‌ಗಳಲ್ಲಿ ಆ ಸಣ್ಣ ಪೈಪು ಇರುವುದಿಲ್ಲ. ಆಗ ತಿರುಪನ್ನೇ ಸ್ವಲ್ಪ ಸ್ವಲ್ಪ ಸಡಿಲ ಮಾಡಬೇಕು, ಕೆಳಗೆ ಹಳೇ ಟವೆಲ್ ಹಾಸಿ. ನೀರು ಪೂರ್ತಿ ಹೋದ ಮೇಲೆ ತಿರುಪು ಬಿಚ್ಚಿ ತೊಳೆಯಿರಿ. ಬ್ಲೌಸಿನ ಹುಕ್ಕು, ಹೇರ್‌ಪಿನ್, ಎರಡು ರೂಪಾಯಿ ನಾಣ್ಯ, ಇಂಥದ್ದೇನಾದರೂ ಸಿಗುತ್ತದೆ. ಬಾಗಿಲು ಒಂದೆರಡು ನಿಮಿಷ ಬಿಟ್ಟು ತಾನೇ ಸಡಿಲ ಆಗಬೇಕು. ಆಗದಿದ್ದರೆ ಅದೇ ಮುಚ್ಚಳದ ಒಳಗೆ ಕೆಲವು ಮೆಷಿನ್‌ಗಳಲ್ಲಿ ಎಳೆಯುವ ಒಂದು ದಾರವೋ ಕೊಕ್ಕೆಯೋ ಇರುತ್ತದೆ. ಬಾಗಿಲನ್ನು ಮಾತ್ರ ಜೋರಾಗಿ ಎಳೆಯಬೇಡಿ, ಲಾಕ್ ಮುರಿದರೆ ಸುಮ್ನೆ ಖರ್ಚು.

ಇಷ್ಟೂ ಪುಸ್ತಕದಲ್ಲಿ ಅರ್ಧ ಪುಟದ ವಿಷಯ. ಅದು ನಿಮ್ಮ ಅಮ್ಮನ ಕೈಯಲ್ಲಿ ಇದ್ದಿದ್ದರೆ ನಿನ್ನೆಯೇ ಮುಗಿಯುತ್ತಿತ್ತು. ನನ್ನ ಉತ್ತರದ ಅರ್ಧ ಇದೇ.

ಆ ಎರಡು ಅಕ್ಷರದ ವಿಷಯ. ಅದನ್ನು ಸುಮ್ನೆ ಗೂಗಲ್‌ನಲ್ಲಿ ಹಾಕಿ ಹುಡುಕಬೇಡಿ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಎಲ್‌ಜಿಯಲ್ಲಿ ಓಇ ಅಂದರೆ ನೀರು ಹೊರಗೆ ಹೋಗುತ್ತಿಲ್ಲ, ಐಇ ಅಂದರೆ ನೀರು ಒಳಗೆ ಬರುತ್ತಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಅದೇ ಎರಡು ತೊಂದರೆಗೆ 5ಸಿ ಮತ್ತು 4ಸಿ ಅಂತ ಬರುತ್ತದೆ. ಇಂಡಕ್ಷನ್ ಒಲೆಯ ಇ1, ಏಸಿಯ ಇ1, ವಾಷಿಂಗ್ ಮೆಷಿನ್ನಿನ ಇ1, ಒಂದಕ್ಕೊಂದು ಸಂಬಂಧವೇ ಇಲ್ಲ. ಇನ್ನೊಂದು ತಮಾಷೆ, ಗೆರೆಗೆರೆಯ ಆ ಡಿಸ್‌ಪ್ಲೇಯಲ್ಲಿ 5ಕ್ಕೂ ಇಂಗ್ಲಿಷ್ ಎಸ್‌ಗೂ ವ್ಯತ್ಯಾಸವೇ ಕಾಣುವುದಿಲ್ಲ. ಗಿರಾಕಿ ಫೋನಿನಲ್ಲಿ ಒಂದು ಓದುತ್ತಾರೆ, ನಾನು ಇನ್ನೊಂದು ಅಂದುಕೊಂಡು ಬೇರೆ ಪಾರ್ಟ್ ತೆಗೆದುಕೊಂಡು ಹೊಸನಗರದ ತನಕ ಗಾಡಿ ಓಡಿಸಿದ್ದೂ ಇದೆ. ಫೋಟೋ ಕಳಿಸಲು ಹೇಳಿ.

ಇನ್ನು ಕಾಗದವೋ ಮೊಬೈಲೋ. ನಾನು ಸಾಮಾನು ನೋಡಿ ಹೇಳುತ್ತೇನೆ. ಸ್ಮಾರ್ಟ್ ಟಿವಿಗೆ ಅಚ್ಚಾದ ಪುಸ್ತಕ ದಂಡ. ಅಪ್‌ಡೇಟ್ ಬಂದ ದಿನ ಮೆನು ಬದಲಾಗುತ್ತದೆ, ಪುಸ್ತಕದಲ್ಲಿ ಇರುವ ಬಟನ್ ಟಿವಿಯಲ್ಲಿ ಇರುವುದಿಲ್ಲ. ಅಲ್ಲಿ ಆನ್‌ಲೈನ್ ಇರುವುದೇ ಸರಿ. ಗೀಸರ್, ಇನ್ವರ್ಟರ್, ಇಂಡಕ್ಷನ್, ವಾಷಿಂಗ್ ಮೆಷಿನ್, ಅಂದರೆ ನೀರು, ಕರೆಂಟು, ಬಿಸಿ ಒಟ್ಟಿಗೆ ಇರುವ ಕಡೆ ಕಾಗದ ಬೇಕೇ ಬೇಕು. ಗೀಸರ್ ಟ್ಯಾಂಕ್ ತುಂಬುವ ಮೊದಲು ಸ್ವಿಚ್ ಹಾಕಬೇಡಿ ಅನ್ನುವ ಒಂದು ಸಾಲನ್ನು ಓದಲು ಯಾರೂ ಆ್ಯಪ್ ಹಾಕಿಕೊಳ್ಳುವುದಿಲ್ಲ. ಫ್ರಂಟ್ ಲೋಡ್ ಮೆಷಿನ್ನಿನ ಹಿಂದೆ ಸಾಗಾಟಕ್ಕೆ ಅಂತ ಹಾಕಿರುವ ಮೂರೋ ನಾಲ್ಕೋ ಉದ್ದ ಬೋಲ್ಟು ಇರುತ್ತವೆ, ಡ್ರಮ್ ಅಲುಗಾಡದ ಹಾಗೆ. ಅದನ್ನು ತೆಗೆಯದೆ ಹಾಕಿದರೆ ಮೆಷಿನ್ ಬಚ್ಚಲಿನಿಂದ ಅಡುಗೆಮನೆಗೆ ನಡೆದುಕೊಂಡು ಬರುತ್ತದೆ. ನಿಮ್ಮಲ್ಲಿ ಫಿಟ್ ಮಾಡಿದವರು ತೆಗೆದಿದ್ದಾರಾ? ಹಿಂದೆ ಪ್ಲಾಸ್ಟಿಕ್ ಬಿರಡೆ ಹಾಕಿದ ತೂತುಗಳು ಕಂಡರೆ ತೆಗೆದಿದ್ದಾರೆ ಅಂತ ಅರ್ಥ.

ಕಾನೂನು ನನ್ನ ಕಸುಬಲ್ಲ, ಆದರೂ ಗಿರಾಕಿಗಳ ಜೊತೆ ಜಗಳ ಬಿಡಿಸಿ ಬಿಡಿಸಿ ಒಂದಿಷ್ಟು ಗೊತ್ತಾಗಿದೆ. ಮನೆ ಸಾಮಾನಿನ ಸುರಕ್ಷತೆಗೆ ಐಎಸ್ 302 ಅನ್ನುವ ಮಾನದಂಡ ಇದೆ, ಅದರ ಪ್ರಕಾರ ಸುರಕ್ಷಿತವಾಗಿ ಬಳಸಲು ಬೇಕಾದ ಸೂಚನೆ ಸಾಮಾನಿನ ಜೊತೆಗೇ ಬರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 84ರಲ್ಲಿ, ಸರಿಯಾಗಿ ಬಳಸುವ ಸೂಚನೆ ಅಥವಾ ಎಚ್ಚರಿಕೆ ಸಾಕಷ್ಟು ಕೊಡದೆ ಗ್ರಾಹಕರಿಗೆ ಹಾನಿ ಆದರೆ ತಯಾರಕರು ಹೊಣೆ ಅಂತ ಇದೆ. ಅಲ್ಲಿ ಕಾಗದ ಅನ್ನುವ ಮಾತಿಲ್ಲ. ಕ್ಯೂಆರ್ ಕೋಡಿಗೆ ಸರ್ಕಾರವೇ ಒಪ್ಪಿದೆ ಅಂತ ಅಂಗಡಿಯವರು ಹೇಳುತ್ತಾರೆ. 2022ರ ಜುಲೈನಲ್ಲಿ ಒಪ್ಪಿದ್ದು ಎಲೆಕ್ಟ್ರಾನಿಕ್ ಸಾಮಾನಿನ ಬಾಕ್ಸ್ ಮೇಲೆ ಬರೆಯಬೇಕಾದ ಕೆಲವು ವಿವರಗಳಿಗೆ. ಅದು ಲೇಬಲ್ ವಿಷಯ, ಪುಸ್ತಕದ್ದಲ್ಲ. ಕಸ್ಟಮರ್ ಕೇರ್‌ಗೆ ಬರೆದು ಪುಸ್ತಕ ಕೇಳಿ. ಕೇಳಿದವರಿಗೆ ಕಳಿಸಿಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಆಗಲಿಲ್ಲ ಅಂದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಸಾಗರದಿಂದ ಒಬ್ಬ ನಿವೃತ್ತ ಮೇಷ್ಟ್ರು

ಏನಪ್ಪಾ, ಆಗಿನ ವಾಲ್ವ್ ರೇಡಿಯೋ ಹಿಂದಿನ ಹಲಗೆಗೆ ಸರ್ಕ್ಯೂಟ್ ಚಿತ್ರವನ್ನೇ ಅಂಟಿಸಿ ಕೊಡುತ್ತಿದ್ದರು, ನೋಡಿದ್ದೀಯಾ? ಈಗ ಕೊಡುವ ಪುಸ್ತಕದಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಇರುತ್ತದೆ, ಭೂತಗನ್ನಡಿ ಹಿಡಿದರೂ ನನಗೆ ಕಾಣುವುದಿಲ್ಲ. ಅದಕ್ಕಿಂತ ಮೊಬೈಲಿನಲ್ಲಿ ಬೆರಳು ಅಗಲಿಸಿ ದೊಡ್ಡದು ಮಾಡಿಕೊಂಡು ಓದುವುದೇ ವಾಸಿ ಅನ್ನಿಸುತ್ತದೆ. ಮತ್ತೆ ಮಲೆನಾಡಿನಲ್ಲಿ ಕಾಗದ ಮೂರು ಮಳೆಗಾಲ ದಾಟುವುದಿಲ್ಲ. ಬೂಷ್ಟು, ಇಲ್ಲ ಗೆದ್ದಲು.

ಉತ್ತರ

ನೋಡಿದ್ದೇನೆ ಮೇಷ್ಟ್ರೇ, ಕೆಲಸ ಕಲಿತದ್ದೇ ಅಂಥ ಚಿತ್ರ ನೋಡಿ. ನಿಮ್ಮ ಮಾತು ಒಪ್ಪಿದೆ. ಅಚ್ಚಾದ ಪುಸ್ತಕ ಅಂದ ತಕ್ಷಣ ಚೆನ್ನಾಗಿರುತ್ತದೆ ಅಂತ ಏನಿಲ್ಲ. ಒಂದೇ ಪುಸ್ತಕ ಹತ್ತು ಮಾಡೆಲ್‌ಗೆ, ಎಲ್ಲ ಕಡೆ ನಕ್ಷತ್ರ ಗುರುತು, ಕೆಳಗೆ ನೋಡಿದರೆ "ಕೆಲವು ಮಾಡೆಲ್‌ಗಳಲ್ಲಿ ಮಾತ್ರ". ಮೊದಲ ಆರು ಪುಟ ಮೆಷಿನ್ ಒಳಗೆ ಮಗು ಕೂರಿಸಬೇಡಿ ಅನ್ನುವ ಥರದ ಎಚ್ಚರಿಕೆ, ಬೇಕಾದ ಫಿಲ್ಟರ್ ವಿಷಯ ಮೂವತ್ತನೇ ಪುಟದಲ್ಲಿ. ಕಾಗದಕ್ಕೆ ಒಂದೇ ಒಂದು ಗುಣ. ಕರೆಂಟು, ನೆಟ್ಟು, ಪಾಸ್‌ವರ್ಡ್ ಏನೂ ಕೇಳುವುದಿಲ್ಲ.

ಬಿಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕೊಡುವ ಆ ನುಣುಪು ಕಾಗದದ ಬಿಲ್ ಶಾಯಿಯದಲ್ಲ, ಬಿಸಿ ತಾಗಿಸಿ ಮೂಡಿಸಿದ್ದು. ವರ್ಷ ಕಳೆಯುವುದರೊಳಗೆ ಮಾಸಿ ಬಿಳಿ ಚೀಟಿ ಆಗಿರುತ್ತದೆ. ಕೊಂಡ ದಿನವೇ ಝೆರಾಕ್ಸ್ ಮಾಡಿಸಿ, ಫೋಟೋನೂ ತೆಗೆದಿಡಿ.

ಜರ್ಮನಿಯಲ್ಲಿರುವ ಒಬ್ಬ ಕನ್ನಡಿಗರು

ಇಲ್ಲಿ ಡ್ರಿಲ್ ಮೆಷಿನ್ ಕೊಂಡರೆ ಇಪ್ಪತ್ತು ಭಾಷೆಯ ದಪ್ಪ ಪುಸ್ತಕ, ಅದರಲ್ಲಿ ನಮಗೆ ಬೇಕಾದದ್ದು ನಾಲ್ಕು ಹಾಳೆ. ಇದೂ ಬದಲಾಗುತ್ತಿದೆ. ಯುರೋಪಿಯನ್ ಒಕ್ಕೂಟದ 2023/1230 ಅನ್ನುವ ಯಂತ್ರಗಳ ನಿಯಮ 2027ರ ಜನವರಿಯಿಂದ ಜಾರಿಗೆ ಬರುತ್ತದೆ. ಡ್ರಿಲ್, ಹುಲ್ಲು ಕತ್ತರಿಸುವ ಮೆಷಿನ್ ಇಂಥವಕ್ಕೆ ಸೂಚನೆಗಳನ್ನು ಡಿಜಿಟಲ್ ಆಗಿ ಕೊಡಬಹುದು. ಆದರೆ ಕೊಳ್ಳುವಾಗ ಕೇಳಿದರೆ ಒಂದು ತಿಂಗಳ ಒಳಗೆ ಕಾಗದದ್ದನ್ನು ಪುಕ್ಕಟೆ ಕೊಡಬೇಕು. ಮನೆ ಬಳಕೆಗೆ ಕೊಳ್ಳುವವರಿಗೆ ಮುಖ್ಯ ಸುರಕ್ಷತೆಯ ಮಾಹಿತಿ ಕಾಗದದಲ್ಲೇ ಇರಬೇಕು. ಆನ್‌ಲೈನ್ ಪ್ರತಿಯನ್ನು ಕನಿಷ್ಠ 10 ವರ್ಷ ತೆಗೆಯುವ ಹಾಗಿಲ್ಲ. ವಾಷಿಂಗ್ ಮೆಷಿನ್ ಈ ನಿಯಮದಲ್ಲಿ ಬರುವುದಿಲ್ಲ, ಹಾಗೇ ಹೇಳಿದೆ.

ಉತ್ತರ

ಸಾರ್, ಆ 10 ವರ್ಷದ ಮಾತು ನಮ್ಮಲ್ಲೂ ಬರಬೇಕು. ನನಗೆ ಜಾಸ್ತಿ ತಲೆನೋವು ಅದೇ. ಕ್ಯೂಆರ್ ಕೋಡ್ ಅಂದರೆ ಪುಸ್ತಕ ಅಲ್ಲ, ಪುಸ್ತಕ ಇರುವ ಮನೆಯ ವಿಳಾಸ ಅಷ್ಟೇ. ಆ ಮಾಡೆಲ್ ನಿಂತ ಮೇಲೆ ಕಂಪನಿ ವೆಬ್‌ಸೈಟ್ ಹೊಸದು ಮಾಡುತ್ತದೆ, ಹಳೆಯ ಪುಟ ಹೋಗುತ್ತದೆ, ಸ್ಟಿಕ್ಕರ್ ಮಾತ್ರ ಮೆಷಿನ್ ಮೇಲೆ ಹಾಗೇ ಇರುತ್ತದೆ. ಮೆಷಿನ್ ಹನ್ನೆರಡು ವರ್ಷ ಬಾಳುತ್ತದೆ, ಲಿಂಕ್ ಬಾಳುವುದಿಲ್ಲ.

ಅದಕ್ಕೆ ಮೇಡಂ, ನೀವು ಹೀಗೆ ಮಾಡಿ. ಮೆಷಿನ್ ಬಾಗಿಲು ತೆರೆದರೆ ಒಳ ಅಂಚಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಪೂರ್ತಿ ಮಾಡೆಲ್ ನಂಬರ್ ಅಲ್ಲಿ ಸಿಗುತ್ತದೆ. ಕೊನೆಯ ಎರಡು ಮೂರು ಅಕ್ಷರ ಬಿಡಬೇಡಿ, ಅದರಲ್ಲೇ ವ್ಯತ್ಯಾಸ ಇರುವುದು. ಫ್ರಿಜ್ಜಿಗೆ ಒಳಗಿನ ಗೋಡೆ, ಟಿವಿಗೆ ಬೆನ್ನು ನೋಡಬೇಕು. ಆ ನಂಬರ್ ಹಿಡಿದು ಕಂಪನಿಯ ಸಪೋರ್ಟ್ ಪುಟದಲ್ಲಿ ಪಿಡಿಎಫ್ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಅದಕ್ಕೆ ಆ್ಯಪ್ಪೂ ಬೇಡ, ಓಟಿಪಿಯೂ ಬೇಡ. ಲಿಂಕ್ ಉಳಿಸಿಕೊಳ್ಳಬೇಡಿ, ಫೈಲನ್ನೇ ಉಳಿಸಿಕೊಳ್ಳಿ. ಅಮ್ಮನ ಫೋನಿಗೂ ಕಳಿಸಿ, ಅವರು ದಿಬ್ಬ ಹತ್ತಿದಾಗ ಒಂದು ಸಲ ಇಳಿದರೆ ಸಾಕು. ಆಮೇಲೆ ಪೂರ್ತಿ ಪ್ರಿಂಟ್ ಹಾಕಿಸಬೇಡಿ. ಪ್ರೋಗ್ರಾಂಗಳ ಪಟ್ಟಿ, ಫಿಲ್ಟರ್ ತೊಳೆಯುವುದು, ಎರರ್ ಅಕ್ಷರಗಳ ಪಟ್ಟಿ, ಈ ಮೂರು ನಾಲ್ಕು ಹಾಳೆ ಮಾತ್ರ ಝೆರಾಕ್ಸ್ ಅಂಗಡಿಯಲ್ಲಿ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಮೆಷಿನ್ ಪಕ್ಕದ ಮೊಳೆಗೆ ನೇತುಹಾಕಿ. ಮೇಷ್ಟ್ರ ಬೂಷ್ಟಿಗೂ ಅದೇ ಔಷಧಿ.

ಒಂದು ಎಚ್ಚರಿಕೆ. ಹುಡುಕುವಾಗ ಮೇಲೆ ಬರುವ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡಬೇಡಿ, ಕಳ್ಳರ ನಂಬರ್ ಜಾಸ್ತಿ. ನಮ್ಮ ಬೀದಿಯಲ್ಲೇ ಒಬ್ಬರು ಮಿಕ್ಸಿ ಪುಸ್ತಕ ಹುಡುಕಲು ಹೋಗಿ, ಅಂಥ ನಂಬರಿನವನು ಹೇಳಿದ ಅಂತ ಸ್ಕ್ರೀನ್ ಶೇರ್ ಆ್ಯಪ್ ಹಾಕಿಕೊಂಡು ದುಡ್ಡು ಕಳೆದುಕೊಂಡರು. ಬಿಲ್ ಅಥವಾ ಬಾಕ್ಸ್ ಮೇಲಿರುವ ನಂಬರ್ ಮಾತ್ರ ನಂಬಿ. ಹಾಗೇನಾದರೂ ಆದರೆ ತಡ ಮಾಡದೆ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ, ಫೋನ್ ಮಾಡಿ.

ಹುಬ್ಬಳ್ಳಿಯಿಂದ ಒಬ್ಬರು

ಅಣ್ಣಾ, ಇಷ್ಟೆಲ್ಲ ಮಾಡಿದರೂ ಅದು ಇಂಗ್ಲಿಷು, ಹಿಂದಿ. ಕನ್ನಡದಲ್ಲಿ ಯಾಕಿಲ್ಲ ಅಂತ ಯಾರೂ ಕೇಳುವುದಿಲ್ಲವಲ್ಲ?

ಉತ್ತರ

ಕೇಳಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರ ಪ್ರಕಾರ ರಾಜ್ಯದಲ್ಲೇ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು. 2025ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನು ಮತ್ತೆ ಆದೇಶ ಮಾಡಿ ನೆನಪಿಸಿತು. ಆದರೆ ನಮ್ಮ ಮನೆಗೆ ಬರುವ ಮೆಷಿನ್ ಎಷ್ಟೋ ಹೊರ ರಾಜ್ಯದ್ದು, ಹೊರ ದೇಶದ್ದು. ಡಿಜಿಟಲ್‌ನಲ್ಲಾದರೂ ಕನ್ನಡ ಕೊಡಬಹುದಲ್ವಾ ಅನ್ನುವುದು ನನ್ನ ಸಿಟ್ಟು. ಅಲ್ಲಿ ಅಚ್ಚಿನ ಖರ್ಚಿಲ್ಲ, ಕಾಗದದ ತೂಕ ಇಲ್ಲ.

ಅಲ್ಲಿಯ ತನಕ ಗೂಗಲ್ ಲೆನ್ಸ್ ಹಿಡಿದು ಓದುವವರು ಇದ್ದಾರೆ. ತಪ್ಪಲ್ಲ, ಆದರೆ ಹುಷಾರು. ಒಂದು ಮನೆಯಲ್ಲಿ ಅದು "ಸ್ಪಿನ್" ಅನ್ನುವುದನ್ನು "ನೂಲು" ಅಂತ ಮಾಡಿತ್ತು. ಆ ಅಜ್ಜಿ ನೂಲಿನ ಬಟ್ಟೆಗೆ ಆ ಬಟನ್ ಅಂದುಕೊಂಡು ಕಾಟನ್ ಬಟ್ಟೆ ಎಲ್ಲ ಹಾಕಿ ಅದನ್ನೇ ಒತ್ತುತ್ತಿದ್ದರು, ಮೆಷಿನ್ ನೀರೇ ತೆಗೆದುಕೊಳ್ಳುತ್ತಿಲ್ಲ ಅಂತ ನನಗೆ ಫೋನ್. ಹೋಗಿ ನೋಡಿದರೆ ಮೆಷಿನ್ ಸರಿಯಾಗಿಯೇ ಇದೆ, ಒಣ ಬಟ್ಟೆಯನ್ನು ಗಿರ ಗಿರ ತಿರುಗಿಸುತ್ತಿದೆ.

ಪ್ರಶ್ನೆ ಕೇಳಿದವರು

ಅಣ್ಣ, ಸೀರೆ ಬಂತು! ಹದಿಮೂರು ತಟ್ಟೆ ನೀರು. ಫಿಲ್ಟರ್‌ನಲ್ಲಿ ಎರಡು ಹುಕ್ಕು, ಒಂದು ಅಡಿಕೆ ಚೂರು, ಮತ್ತೆ ಅಮ್ಮ ಆರು ದಿನದಿಂದ ಹುಡುಕುತ್ತಿದ್ದ ಕಿವಿಯೋಲೆಯ ತಿರುಪು. ಹಿಂದಿನ ಬೋಲ್ಟು ತೆಗೆದಿದ್ದಾರೆ, ಬಿರಡೆ ಇದೆಯಂತೆ. ಪಿಡಿಎಫ್ ಇಳಿಸಿಕೊಂಡೆ, 48 ಪುಟ. ಅಷ್ಟರಲ್ಲಿ ಅಮ್ಮ ನಾನು ಫೋನಿನಲ್ಲಿ ಹೇಳಿದ್ದನ್ನು ಹಳೆಯ ಕ್ಯಾಲೆಂಡರ್ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಮೆಷಿನ್ ಮೇಲಿನ ಗೋಡೆಗೆ ಅನ್ನದ ಅಗುಳಿನಲ್ಲಿ ಅಂಟಿಸಿದ್ದಾರೆ. ಫೋಟೋ ಹಾಕಿದ್ದೇನೆ ನೋಡಿ: "1. ಕೆಳಗಿನ ಬಾಯಿ ತೆಗೆ. 2. ತಟ್ಟೆ ಇಡು. 3. ಸಣ್ಣ ಕೊಳವೆ ಬಿಡು. 4. ದಪ್ಪ ತಿರುಪು ಎಡಕ್ಕೆ. 5. ತೊಳೆದು ಗಟ್ಟಿ ಹಾಕು, ಸೋರಿದರೆ ಇನ್ನೂ ಗಟ್ಟಿ."

ಉತ್ತರ

ಇದನ್ನು ನನ್ನ ಗಿರಾಕಿಗಳಿಗೆ ಕೊಡಲು ಅಮ್ಮನ ಹತ್ತಿರ ಒಪ್ಪಿಗೆ ಕೇಳಿ ಮೇಡಂ. ಒಂದೇ ತಿದ್ದುಪಡಿ. ಮೇಲೆ ಜಾಗ ಉಳಿದಿದೆ, ಅಲ್ಲಿ ಕೆಂಪು ಪೆನ್ನಿನಲ್ಲಿ "ಮೊದಲು ಪ್ಲಗ್ ತೆಗೆ" ಅಂತ ಬರೆಸಿ.