ಕರು ಸತ್ತ ಹಸು ಹಾಲು ಬಿಡದಿರುವುದು ದುಃಖದಿಂದಲೇ?

ಪ್ರಶ್ನೆ: ಮೊದಲ ಸೂಲಿನ ಹಸು. ಮೂರನೇ ದಿನಕ್ಕೆ ಕರು ಸತ್ತಿದೆ. ಬಾಗಿಲ ಕಡೆ ನೋಡಿ ಕೂಗುತ್ತದೆ, ಕೆಚ್ಚಲು ತುಂಬಿದ್ದರೂ ಹಾಲು ಬಿಡುತ್ತಿಲ್ಲ. ಏನು ಮಾಡಬೇಕು?

ಉತ್ತರ 1: ದುಃಖ ಅನ್ನಲು ನನಗೆ ಸಂಕೋಚವಿಲ್ಲ. ಹುಟ್ಟಿದ ಕರುವನ್ನು ನೆಕ್ಕುವಾಗಲೇ ಅದರ ವಾಸನೆ ತಾಯಿಗೆ ಗುರುತಾಗಿಬಿಡುತ್ತದೆ. ಈಗ ಹುಡುಕುತ್ತಿರುವುದು ಅದನ್ನೇ. ಹಾಲು ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು, ಬಾಣಂತಿಯಲ್ಲೂ ಅದೇ. ಮಗು ಅತ್ತರೆ ಎದೆಹಾಲು ಜಿನುಗುತ್ತದಲ್ಲ, ಹಾಗೆ. ಗಾಬರಿಯಾದರೆ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಅದನ್ನು ತಡೆಯುತ್ತದೆ. ಹಾಗಾಗಿ ಗದರಬೇಡಿ. ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲು ಒರೆಸಿ, ಒಂದು ನಿಮಿಷ ನೀವಿ. ಮೊಲೆತೊಟ್ಟು ಉಬ್ಬಿದ ಮೇಲೆ ಏಳೆಂಟು ನಿಮಿಷದೊಳಗೆ ಕರೆದು ಮುಗಿಸಿ. ಆಮೇಲೆ ಹಾರ್ಮೋನಿನ ಪ್ರಭಾವ ಇಳಿಯುತ್ತದೆ.

ಉತ್ತರ 2: ಕರೆಯುವ ಹೊತ್ತು, ಕೈ ಎರಡನ್ನೂ ಬದಲಿಸಬೇಡಿ. ಬೂಸಾ ಮುಂದಿಡಿ. ದಿನಾ ಆಕ್ಸಿಟೋಸಿನ್ ಚುಚ್ಚುಮದ್ದು ಖಂಡಿತ ಬೇಡ, ಅದಿಲ್ಲದೆ ಹಾಲೇ ಬಿಡದ ಹಾಗಾಗುತ್ತದೆ. ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ, ಹಾಲಿನಲ್ಲಿ ಗರಣೆ ಕಂಡರೆ ಕೆಚ್ಚಲುಬಾವು. ಅಂದೇ ಪಶುವೈದ್ಯರನ್ನು ಕರೆಸಿ.

ಉತ್ತರ 3: ಮುಂದಿನ ಸೂಲಿಗೊಂದು ಮಾತು. ನಮ್ಮ ಶಿಶುಗಳಿಗೆ ರೋಗ ತಡೆಯುವ ಪ್ರತಿಕಾಯಗಳು ಗರ್ಭದಲ್ಲೇ ಬರುತ್ತವೆ. ಕರುವಿಗೆ ಗಿಣ್ಣುಹಾಲಿನಿಂದ ಮಾತ್ರ. 25 ಕೆ.ಜಿ. ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು, ಮೊದಲ ಕಂತು ಎರಡು ಗಂಟೆಯೊಳಗೆ.